ಖನ್ಯುವಿನ ನಾಲ್ಕನೇ ಹಲ್ಲು

ಖನ್ಯು ಇಲಿಯೋ ಅಲ್ಲವೋ ಎಂಬ ಒಂದೇ ಪ್ರಶ್ನೆಯ ಮೇಲೆ ನನ್ನ ಅಪ್ಪನಿಗೂ ಗಂಡನ ತಾಯಿಯಾದ ನನ್ನ ಅತ್ತೆಗೂ ಒಂಬತ್ತು ವರ್ಷ ಮಾತು ನಿಂತಿತ್ತು. ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದವಳು ನಾನು. ತಪ್ಪು ಯಾರದು ಎಂದು ಇಬ್ಬರೂ ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಜ್ವರ ಬಂದಿದ್ದು ಮಾತ್ರ ನನಗೆ.

ನಮ್ಮೂರು ಬಾನ್ ಫಾದೆಂಗ್. ಊರಿನ ಬೆನ್ನಿಗೇ ಸುಣ್ಣಕಲ್ಲಿನ ಬೆಟ್ಟ, ಬೆಟ್ಟದ ಬುಡದ ಬಂಡೆಗಳ ಸಂದಿಯಲ್ಲಿ ಖನ್ಯು. ಮೈ ಬೂದುಗಪ್ಪು, ಬಾಲ ಅಳಿಲಿನ ಬಾಲದಂತೆ ಪೊದೆಪೊದೆ, ಮೂತಿ ಮಾತ್ರ ಇಲಿಯದು. ಅದಕ್ಕೆ ಸರಿಯಾಗಿ ಓಡಲು ಬಾರದು. ಬಾತುಕೋಳಿಯಂತೆ ಪಾದ ಹೊರಚಾಚಿ ತೂಗಾಡಿಕೊಂಡು ನಡೆಯುತ್ತದೆ. ಹಿಡಿದರೆ ಕಚ್ಚುವುದೂ ಇಲ್ಲ. ಇಂಥ ಸಾಧುಪ್ರಾಣಿ ಇಷ್ಟು ಕಾಲ ಹೇಗೆ ಉಳಿಯಿತು ಎಂದು ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದೆ. "ಬಂಡೆ ಬಿಟ್ಟು ಈಚೆಗೆ ಬರಲ್ಲ, ಅದಕ್ಕೇ," ಅಂದಿದ್ದ. ನಾವು ಅದರ ಕೂದಲು ಸುಟ್ಟು, ಸೀಳಿದ ಬಿದಿರಿಗೆ ಸಿಕ್ಕಿಸಿ ಕೆಂಡದ ಮೇಲೆ ಹಿಡಿಯುತ್ತೇವೆ. ತಲೆಯನ್ನು ಮೆಣಸಿನಕಾಯಿಯ ಜೊತೆ ಒರಳಿಗೆ ಹಾಕಿ ಮೂಳೆ, ಹಲ್ಲು ಸಮೇತ ಕುಟ್ಟಿ ಚಟ್ನಿ ಮಾಡುತ್ತೇವೆ. ಅಂಟಕ್ಕಿ ಅನ್ನಕ್ಕೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಈ ಚಟ್ನಿಯ ಸಂಗತಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅಪ್ಪ ಹನ್ನೆರಡು ವರ್ಷ ವಿಹಾರದಲ್ಲಿ ಭಿಕ್ಷುವಾಗಿದ್ದು ಆಮೇಲೆ ಸಂಸಾರಕ್ಕೆ ಬಂದವನು. ಅದಕ್ಕೇ ಊರವರು ಉದೋಮ್ ಎಂಬ ಅವನ ಹೆಸರಿಗೆ ಮರ್ಯಾದೆಯ 'ಚಾನ್' ಸೇರಿಸಿ ಚಾನ್ ಉದೋಮ್ ಅನ್ನುತ್ತಿದ್ದರು. ಮದುವೆ, ಪ್ರಯಾಣ, ಹೊಸ ಕೂಸು, ಏನೇ ಇದ್ದರೂ ನಮ್ಮಲ್ಲಿ ಮುಂಗೈಗೆ ಬಿಳಿ ದಾರ ಕಟ್ಟಿ ಜೀವಕ್ಕೆ ಹರಸುತ್ತಾರೆ. ದಾರ ಕಟ್ಟಿದ ಮೇಲೆ ಬೇಯಿಸಿದ ಕೋಳಿಯ ದವಡೆಯೊಳಗಿನ ಕವಲುಮೂಳೆಯನ್ನು ಬಿಡಿಸಿ, ಅದರ ಬಾಗು ನೋಡಿ ಮುಂದಿನದನ್ನು ಹೇಳಬೇಕು. ಆ ಕೆಲಸ ಅಪ್ಪನದು. ಅದರಿಂದಲೋ ಏನೋ, ಯಾವ ಪ್ರಾಣಿಯ ದವಡೆ ಸಿಕ್ಕರೂ ಅವನು ಬಿಡುತ್ತಿರಲಿಲ್ಲ. ಹಂದಿ, ಕೋತಿ, ಮುಳ್ಳುಹಂದಿ, ಅಳಿಲು, ಎಲ್ಲದರ ದವಡೆಗಳೂ ಒಲೆಯ ಮೇಲಿನ ಅಟ್ಟಕ್ಕೆ ಹುರಿಯಲ್ಲಿ ತೂಗುತ್ತಿದ್ದವು. ಅಮ್ಮ ಇರುವ ತನಕ ಬೈದಳು. ಹೋದ ಮೇಲೆ ಬೈಯುವವರೂ ಇರಲಿಲ್ಲ.

ಅವನು ಕಂಡುಕೊಂಡಿದ್ದು ಇಷ್ಟೇ. ಇಲಿಯ ದವಡೆಯ ಒಂದು ಪಕ್ಕದಲ್ಲಿ ಅರೆಯುವ ಹಲ್ಲು ಮೂರು. ಹೊಲದಿಲಿ, ಮನೆಯಿಲಿ, ಹೆಗ್ಗಣ, ಯಾವುದನ್ನು ಹಿಡಿದು ನೋಡಿದರೂ ಮೂರೇ. ಖನ್ಯುವಿಗೆ ನಾಲ್ಕು. "ಮೂತಿ ನೋಡಿ ಜಾತಿ ಹೇಳ್ಬಾರ್ದು, ಬಾಯಿ ಬಿಡಿಸಿ ನೋಡ್ಬೇಕು. ಇದು ಇಲಿ ಅಲ್ವೇ ಅಲ್ಲ," ಅನ್ನುತ್ತಿದ್ದ. ಯಾರಿಗೂ ಅದರ ಉಸಾಬರಿ ಇರಲಿಲ್ಲ, ನಾನು ಮೊದಲ ಹೆರಿಗೆಗೆ ಮಲಗುವ ತನಕ.

ಪೆಂಗ್ ಎಂಬ ನನ್ನ ಅತ್ತೆ ನಮ್ಮೂರಿನ ಸೂಲಗಿತ್ತಿ. ಬಾನ್ ಫಾದೆಂಗಿನಲ್ಲಿ ನಲವತ್ತು ದಾಟದವರೆಲ್ಲ ಅವರ ಕೈಯಲ್ಲೇ ಭೂಮಿಗೆ ಬಿದ್ದವರು. ನಮ್ಮಲ್ಲಿ ಬಾಣಂತಿ ಬೆಂಕಿಯ ಪಕ್ಕ ಮಲಗಬೇಕು, ಹುರಿದ ಉಪ್ಪು, ಶುಂಠಿ, ಅನ್ನ, ಒಣಗಿಸಿದ ಕೋಳಿ ಬಿಟ್ಟು ಬೇರೇನೂ ಮುಟ್ಟಬಾರದು. ಅತ್ತೆಯ ಪಥ್ಯದ ಪಟ್ಟಿಯಲ್ಲಿ ಇಲಿಗೆ ಮೊದಲ ನಿಷೇಧ. ಏಳನೇ ದಿನ ಅಪ್ಪ ನೋಡಲು ಬಂದ. ನನಗೆ ಒಣಕೋಳಿ ಅಗಿದು ಸಾಕಾಗಿತ್ತು. ನನ್ನ ಸಪ್ಪೆ ಮುಖ ನೋಡಲಾರದೆ ಮಾರನೇ ದಿನ ಒಂದು ಖನ್ಯು ಸುಟ್ಟು ಬಾಳೆಲೆಯಲ್ಲಿ ಸುತ್ತಿ ತಂದ. "ಇಲಿ ಆದ್ರೆ ತಾನೇ ಪಥ್ಯ? ತಿನ್ನು ಮಗಳೇ," ಅಂದ. ತಿಂದೆ. ಬೆರಳು ನೆಕ್ಕಿದೆ. ಅಂದು ಸಂಜೆಯೇ ಮೈ ಕೆಂಡವಾಯಿತು. ಹಾಲು ಬತ್ತಿತು. ನನ್ನ ಮಗಳು ನೋಯ್ ಹದಿನೈದು ದಿನ ಪಕ್ಕದ ಮನೆಯವಳ ಹಾಲು ಕುಡಿದು ಬದುಕಿದಳು.

ಅತ್ತೆ ಊರಿನ ಮುಂದೆ ನಿಂತು ಹೇಳಿದರು: "ನಮ್ ಬೀಗ್ರು ಬಾಣಂತಿಗೆ ಇಲಿ ತಿನ್ಸಿದ್ರು. ನನ್ನ ಉಸಿರಿರೋ ತನಕ ಈ ಊರಲ್ಲಿ ದಾರ ಕಟ್ಟೋ ದಿನ ಅವ್ರು ಮೂಳೆ ಮುಟ್ಟಕೂಡ್ದು."

ಸೂಲಗಿತ್ತಿಯ ಮಾತು ಮೀರಿ ನಾಳೆ ಹೆರಿಗೆಗೆ ಯಾರನ್ನು ಕರೆಯುವುದು? ಊರೆಲ್ಲ ಅವರ ಬೆನ್ನಿಗೆ ನಿಂತಿತು. ಅಪ್ಪ ತನ್ನ ನಾಲ್ಕು ಹಲ್ಲಿನ ವಾದ ತೆಗೆದ. ಊರಿನ ಮುಖ್ಯಸ್ಥ ಬುನ್‌ಥನ್ ಒಂದು ಹೊಲದಿಲಿಯನ್ನು ಬಡಿದು ತಂದು ಎಲ್ಲರ ಎದುರು ಅದರ ದವಡೆ ಬಿಡಿಸಿ ಎಣಿಸಿದ. "ಒಂದು, ಎರಡು, ಮೂರು, ನಾಲ್ಕು! ಇಲಿಗೂ ನಾಲ್ಕೇ ಕಣಪ್ಪಾ!" ಅವನು ಮುಂದಿನ ಬಾಚಿಹಲ್ಲನ್ನೂ ಸೇರಿಸಿ ಎಣಿಸಿದ್ದ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು, ಹಿಡಿದರೆ ಖನ್ಯುವಿಗೆ ಐದಾಗುತ್ತದೆ ಎಂದು ಅಪ್ಪ ಹೇಳುವಷ್ಟರಲ್ಲಿ ನಗು ಶುರುವಾಗಿತ್ತು. "ಸೋತ ಮೇಲೆ ಲೆಕ್ಕ ಬದಲಾಯಿಸ್ತಾನೆ ನೋಡು," ಅಂದರು. ಅವತ್ತಿನಿಂದ ಚಾನ್ ಉದೋಮ್ ಹೋಗಿ 'ನಾಲ್ಕು ಹಲ್ಲು' ಆದ.

ಒಂದು ಖನ್ಯು ಹಿಡಿದು ತೋರಿಸಿದ್ದರೆ ಮುಗಿಯುತ್ತಿತ್ತು ಅನ್ನುತ್ತೀರಿ. ತೋರಿಸಲಾಗಲಿಲ್ಲ. ನನಗೆ ಜ್ವರ ಏರಿದ ರಾತ್ರಿಯೇ ಅಪ್ಪ ಮನೆದೇವತೆಯ ಮುಂದೆ ಹರಕೆ ಹೊತ್ತಿದ್ದ: ಮಗಳು ಉಳಿದರೆ ಇನ್ನು ಖನ್ಯುವನ್ನು ಹಿಡಿಯುವುದಿಲ್ಲ, ಅದರ ಮಾಂಸವನ್ನಾಗಲಿ ಮೂಳೆಯನ್ನಾಗಲಿ ಮುಟ್ಟುವುದಿಲ್ಲ. ಅಟ್ಟದ ಮೇಲಿದ್ದ ದವಡೆಗಳನ್ನು ಹುರಿಯ ಸಮೇತ ಹೊಳೆಗೆ ಬಿಟ್ಟು ಬಂದಿದ್ದ. ಬೇರೆಯವರ ಮನೆಯಲ್ಲಿ ಇಡೀ ದವಡೆ ಎಲ್ಲಿಂದ ಬರಬೇಕು? ಎಲ್ಲರ ಖನ್ಯುವಿನ ತಲೆಯೂ ಒರಳಿಗೇ. ಸೂಲಗಿತ್ತಿಗೆ ಎದುರಾಗಿ ಅದರ ಬಾಯಿ ಬಿಡಿಸಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ, ನನಗೂ.

ಒಂಬತ್ತು ವರ್ಷ ದಾರ ಕಟ್ಟುವ ದಿನ ಮೂಳೆ ನೋಡಿದ್ದು ಬುನ್‌ಥನ್. ಅವನು ಎಲ್ಲ ಮೂಳೆಗೂ ಒಂದೇ ಮಾತು ಹೇಳುತ್ತಿದ್ದ: "ಭಾಳ ಒಳ್ಳೇದು, ಊಟಕ್ಕೆ ಕೂತ್ಕೊಳ್ಳಿ." ಅಪ್ಪ ಕಡೆಯ ಸಾಲಿನಲ್ಲಿ ಕೂತು ತಲೆ ತಗ್ಗಿಸಿ ಉಣ್ಣುತ್ತಿದ್ದ.

ಮತ್ತೆ ನಾನು ತುಂಬು ಬಸುರಿಯಾದೆ. ಒಂದು ದಿನ ಅಪ್ಪ ನನ್ನ ಶ್ಯಾವಿಗೆ ಅಂಗಡಿಗೆ ಬಂದು, ತಿನ್ನುವುದನ್ನೆಲ್ಲ ತಿಂದು, ಬಟ್ಟಲಿನೊಳಗೆ ನೋಡುತ್ತಾ ಕೇಳಿದ: "ಈ ಸಲದ ಕೂಸಿಗೆ ದಾರ ಕಟ್ಟೋ ದಿನ ಮೂಳೆ ನಾನು ನೋಡ್ಬಹುದೇನಮ್ಮಾ? ನಿಮ್ಮತ್ತೆಯನ್ನ ಕೇಳಿ ನೋಡ್ತೀಯಾ?"

ಕೇಳಿದರೆ ಏನು ಉತ್ತರ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು. "ನೋಡೋಣ ಅಪ್ಪ," ಅಂದೆ.

ಅದಾಗಿ ನಾಲ್ಕೇ ದಿನಕ್ಕೆ ಗಡಿಯಾಚೆಯಿಂದ ಒಬ್ಬ ಥಾಯ್ ಹೆಂಗಸು ಬಂದಳು. ಹೆಸರು ವಿಲಾವನ್, ವಯಸ್ಸು ನನ್ನಷ್ಟೇ, ಯಾವುದೋ ದೊಡ್ಡ ಕಾಲೇಜಿನಲ್ಲಿ ಮೇಷ್ಟ್ರಮ್ಮ. ಶ್ಯಾವಿಗೆ ತರಿಸಿಕೊಂಡು ಮುಟ್ಟದೆ ಕೂತಿದ್ದಳು. ಅವಳ ಕಣ್ಣು ಪಕ್ಕದ ಅಂಗಡಿಯ ಕೆಂಡದ ಮೇಲಿತ್ತು.

"ಅಕ್ಕ, ಅದು ಖನ್ಯು ಅಲ್ವಾ? ತಲೆ ಎಲ್ಲಿ?"

"ಒರಳಲ್ಲಿ."

"ಇಡೀ ತಲೆ ಒಂದಾದ್ರೂ ಸಿಗುತ್ತಾ?"

"ಚಟ್ನಿ ಬೇಕಾದ್ರೆ ಸಿಗುತ್ತೆ," ಅಂದೆ. ಅವಳು ಹಣೆಗೆ ಕೈ ಇಟ್ಟುಕೊಂಡಳು. ಥಾಖೇಕ್ ಪೇಟೆಯಿಂದ ಇಲ್ಲಿಯವರೆಗೆ ಎಂಟು ಊರು ಸುತ್ತಿದ್ದಳಂತೆ, ಎಂಟರಲ್ಲೂ ಚಟ್ನಿ. ಪೇಟೆಯಲ್ಲಿ ಒಮ್ಮೆ ಅರ್ಧ ಸುಟ್ಟ ದವಡೆಯೊಂದರ ಚಿತ್ರ ನೋಡಿ ಅವಳಿಗೆ ನಿದ್ದೆ ಹಾರಿಹೋಗಿತ್ತು. ಯಾಕೆ ಅಂತ ಕೇಳಿದೆ. ಅವಳು ಕೈಚೀಲದಿಂದ ಪುಟ್ಟ ತಗಡಿನ ಡಬ್ಬಿ ತೆಗೆದು, ಹತ್ತಿ ಬಿಡಿಸಿ, ಬೆರಳುದ್ದದ ಕಂದುಬಣ್ಣದ ಕಲ್ಲೊಂದನ್ನು ತೋರಿಸಿದಳು. ಕಲ್ಲಲ್ಲ, ದವಡೆ. ದವಡೆಯಲ್ಲ, ಕಲ್ಲು.

"ನಮ್ಮ ಕಡೆ ಬೆಟ್ಟದ ಮಣ್ಣಲ್ಲಿ ಸಿಕ್ತು. ಒಂದು ಕೋಟಿ ಅರವತ್ತು ಲಕ್ಷ ವರ್ಷ ಹಳೇದು. ನೋಡಕ್ಕ, ಅರೆಯೋ ಹಲ್ಲು ನಾಲ್ಕು."

ನಾನು ಸೌಟು ಇಟ್ಟು ಒಲೆ ಆರಿಸಿದೆ. "ನೀನು ಶ್ಯಾವಿಗೆ ತಿನ್ನು ತಂಗಿ, ಬೇಗ ತಿನ್ನು," ಅಂದೆ. "ನಿನ್ನನ್ನ ಒಬ್ಬರ ಹತ್ರ ಕರ್ಕೊಂಡು ಹೋಗ್ಬೇಕು."

ಎತ್ತರದ ಕಂಬಗಳ ಮೇಲೆ ನಿಂತ ಅಪ್ಪನ ಮನೆಯ ಅಡಿಯಲ್ಲಿ, ನೆರಳಲ್ಲಿ ಚಾಪೆ ಹಾಸಿ ಕೂತೆವು. ಅವನು ಕಲ್ಲನ್ನು ದೂರದಿಂದಲೇ ನೋಡಿದ. ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಿದ್ದ.

"ಮೇಷ್ಟ್ರಮ್ಮ, ಇದು ಮೂಳೆನಾ?"

"ಒಂದು ಕಾಲಕ್ಕೆ ಮೂಳೆ, ಅಜ್ಜ. ಮೂಳೆ ಕರಗಿ, ಅದರ ಜಾಗಕ್ಕೆ ಕಲ್ಲು ತುಂಬಿದೆ."

"ಪೂರ್ತಿ ಕಲ್ಲು?"

"ಪೂರ್ತಿ."

"ಹಂಗಾದ್ರೆ ಹರಕೆಗೆ ಅಡ್ಡಿ ಇಲ್ಲ," ಅಂದ ಅಪ್ಪ. ಎರಡೂ ಕೈ ಚಾಚಿ ತೆಗೆದುಕೊಂಡ.

ಒಂಬತ್ತು ವರ್ಷದ ಮೇಲೆ ಅವನ ಕೈಯಲ್ಲಿ ದವಡೆ. ಅದನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಹೆಬ್ಬೆರಳ ಉಗುರನ್ನು ಹಲ್ಲುಗಳ ಮೇಲೆ ಮೆಲ್ಲಗೆ ಎಳೆದ. "ಪ್ರತಿ ಹಲ್ಲಿಗೂ ಅಡ್ಡಕ್ಕೆ ಎರಡು ಏಣು. ನಮ್ಮದಕ್ಕೂ ಹಿಂಗೇ, ಎರಡೇ. ಇದು ಕಾಳು ಕುಟ್ಟೋ ಹಲ್ಲಲ್ಲ, ಎಲೆ ಅರೆಯೋದು. ಪ್ರಾಣಿ ಮುದಿಯಲ್ಲ, ಏಣು ಇನ್ನೂ ಸವೆದಿಲ್ಲ. ಪಾಪ, ಎಳೇ ಪ್ರಾಯದಲ್ಲೇ ಹೋಗಿದೆ."

ವಿಲಾವನ್ ಅವನ ಹತ್ತಿರಕ್ಕೆ ಸರಿದು ಕೂತಳು. "ಅಜ್ಜ, ಇದನ್ನ ತಿಳ್ಕೊಳ್ಳೋಕೆ ನನಗೆ ಮೂರು ವರ್ಷ ಹಿಡೀತು."

"ನಿಮ್ಗೆ ಕೋಳಿ ಕಮ್ಮಿ ಸಿಕ್ಕಿರ್ಬೇಕು," ಅಂದ ಅಪ್ಪ.

ಅಷ್ಟರಲ್ಲಿ ಸುದ್ದಿ ಊರು ಸುತ್ತಿ ಬಂದಿತ್ತು. ಬುನ್‌ಥನ್ ಬಂದ, ಅಂಗಡಿಯವರು ಬಂದರು, ಹೆಂಗಸರು ಸೊಪ್ಪಿನ ಬುಟ್ಟಿ ಸಮೇತ ಬಂದರು. ವಿಲಾವನ್ ಎಲ್ಲರಿಗೂ ಹೇಳಿದಳು. ಈ ಮನೆತನದ ಪ್ರಾಣಿಗಳು ಒಂದು ಕಾಲಕ್ಕೆ ಜಪಾನಿನಿಂದ ಹಿಡಿದು ಅರಬ್ಬರ ಮರಳುಗಾಡಿನವರೆಗೆ ಇದ್ದವು. ಎಲ್ಲೆಲ್ಲೋ ಅಗೆದವರಿಗೆಲ್ಲ ಇವುಗಳ ಹಲ್ಲು ಸಿಕ್ಕಿವೆ. ಒಂದು ಕೋಟಿ ಹತ್ತು ಲಕ್ಷ ವರ್ಷ ಹಿಂದಿನ ಮಣ್ಣಿನ ತನಕ ಸಿಗುತ್ತವೆ, ಅಲ್ಲಿಂದ ಈಚಿನ ಮಣ್ಣಿನಲ್ಲಿ ಒಂದು ಹಲ್ಲೂ ಇಲ್ಲ. ಹಾಗಾಗಿ ವಂಶ ಪೂರ್ತಿ ನಾಶವಾಯಿತೆಂದು ಪುಸ್ತಕದಲ್ಲಿ ಬರೆದು ಮುಗಿಸಿದ್ದರು. "ಇಲಿಗೂ ಇದಕ್ಕೂ ದೂರದ ನೆಂಟಸ್ತನ ಅಷ್ಟೇ. ಇದಕ್ಕೆ ಹತ್ತಿರದ ದಾಯಾದಿಗಳು ಇರೋದು ಆಫ್ರಿಕದ ಬಂಡೆಗಳಲ್ಲಿ. ಆದ್ರೆ ಇವತ್ತಿನ ಖನ್ಯುವಿನ ಇಡೀ ದವಡೆ ಒಂದು ಬೇಕು. ಇದರ ಪಕ್ಕ ಇಟ್ಟು ತೋರಿಸ್ದೆ ಇದ್ರೆ ನನ್ನ ಮಾತು ಯಾರೂ ನಂಬಲ್ಲ."

"ಅಂದ್ರೆ," ಬುನ್‌ಥನ್ ಕತ್ತು ಕೆರೆದುಕೊಂಡ, "ಇಷ್ಟು ದಿನ ನಾವು ತಿಥಿ ಆಗಿಹೋದೋರನ್ನ ಸುಟ್ಕೊಂಡು ತಿಂತಿದ್ವಾ?"

ನಗು ಎದ್ದಿತು. ನನಗೆ ನಗು ಬರಲಿಲ್ಲ. ಸತ್ತುಹೋಯಿತೆಂದು ಜಗತ್ತೇ ಕೈತೊಳೆದುಕೊಂಡ ವಂಶ ನಮ್ಮ ಮನೆಯ ಹಿಂದೆ ಎಲೆ ಮೆಲ್ಲುತ್ತಿತ್ತು! ನಮ್ಮನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಒಲೆಯ ಮೇಲೆ ಏನಿದೆ ಎಂದು ಯಾರಾದರೂ ಜಗತ್ತಿಗೆ ಡಂಗುರ ಸಾರುತ್ತಾರೆಯೇ?

"ಇಲಿ ಅಲ್ಲ ಅಂತ ಯಾರು ಹೇಳಿದ್ದು?"

ಅತ್ತೆಯ ದನಿ. ಜನ ದಾರಿ ಬಿಟ್ಟರು. ಕಂಕುಳಲ್ಲಿ ತಮ್ಮ ಹೆರಿಗೆಯ ಪೆಟ್ಟಿಗೆ ಇಟ್ಟುಕೊಂಡು ಬಂದಿದ್ದರು. ಅಪ್ಪನ ಕಡೆ ನೋಡದೆ ಚಾಪೆಯ ತುದಿಯಲ್ಲಿ ಕೂತು ಪೆಟ್ಟಿಗೆ ತೆರೆದರು. ಹೊಕ್ಕುಳಬಳ್ಳಿ ಕೊಯ್ಯುವ ಬಿದಿರ ಚೂರಿ, ದಾರದುಂಡೆ, ಅರಿಶಿನದ ಕೊಂಬು. ಅದರಡಿಯಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು. ಒಳಗೆ ಹೊಗೆ ಹಿಡಿದ ಒಂದು ದವಡೆ, ಇಡಿಯಾಗಿ.

"ಅವತ್ತು ನನ್ನ ಸೊಸೆ ತಿಂದು ಎಲೇಲಿ ಉಳಿಸಿದ್ದು," ಅಂದರು. "ಯಾವತ್ತಾದ್ರೂ ಯಾರಾದ್ರೂ ವಾದಕ್ಕೆ ಬಂದ್ರೆ ಮುಖಕ್ಕೆ ಹಿಡೀಬೇಕು ಅಂತ್ಲೇ ಇಟ್ಕೊಂಡಿದ್ದೆ. ಎಣ್ಸಮ್ಮ ಮೇಷ್ಟ್ರಮ್ಮ. ಎಲ್ಲರ ಮುಂದೆ, ಗಟ್ಟಿಯಾಗಿ."

ಒಂಬತ್ತು ವರ್ಷ ಸಾಕ್ಷಿಯನ್ನು ಕಾಪಾಡಿದವರು ಒಂದು ಸಲವೂ ಅದರ ಬಾಯಿ ನೋಡಿರಲಿಲ್ಲ. ವಿಲಾವನ್ ಭೂತಗಾಜು ಹಿಡಿದು ಬಗ್ಗಿದಳು.

"ಮುಂದಿನ ಬಾಚಿಹಲ್ಲು ಬಿಟ್ಟು: ಒಂದು. ಎರಡು. ಮೂರು." ಉಸಿರು ಬಿಟ್ಟಳು. "ನಾಲ್ಕು."

ಅವಳು ಗಾಜನ್ನು ಬುನ್‌ಥನ್ ಕೈಗೆ ಕೊಟ್ಟಳು. ಅವನು ಎಣಿಸಿದ, ಮತ್ತೆ ಎಣಿಸಿದ, ಮೆಲ್ಲಗೆ "ಮುಂದಿಂದು ಸೇರ್ಸಿದ್ರೆ ಐದು," ಅಂದ. ದವಡೆಯನ್ನೂ ಕಲ್ಲನ್ನೂ ಪಕ್ಕಪಕ್ಕ ಇಟ್ಟರು. ಕಲ್ಲು ಸ್ವಲ್ಪ ಚಿಕ್ಕದು, ಮೂಳೆ ಸ್ವಲ್ಪ ದಪ್ಪ. ಉಳಿದಂತೆ ಥೇಟ್ ಅಜ್ಜಿ ಮೊಮ್ಮಗಳ ಹೋಲಿಕೆ. ವಿಲಾವನ್ ಅಳುತ್ತಾ ನಗುತ್ತಿದ್ದಳು.

ಅಪ್ಪ ಗೆದ್ದೆನೆಂದು ಎದ್ದು ಕುಣಿಯುತ್ತಾನೆ ಅಂದುಕೊಂಡಿದ್ದೆ. ಅವನಿಗೆ ಬೇರೆಯೇ ಯೋಚನೆ. "ಮೇಷ್ಟ್ರಮ್ಮ, ಈ ಕಲ್ಲಿಂದ ಈ ಮೂಳೆ ತನಕ ಎಷ್ಟು ತಲೆಮಾರು ಆಗಿರ್ಬಹುದು? ಇದು ಒಂದು ಸೂಲಿಗೆ ಒಂದೇ ಮರಿ ಹಾಕೋದು."

"ಲಕ್ಷಗಟ್ಟಲೆ, ಅಜ್ಜ. ಕೋಟಿ ಹತ್ತಿರ."

"ಅಷ್ಟೂ ತಾಯಂದಿರು ಹೆತ್ತು ದಡ ಸೇರಿದಾರೆ. ಈ ಸಾಲಲ್ಲಿ ಒಬ್ಬಳು, ಒಂದೇ ಒಬ್ಬಳು ಹೆರೋಕೆ ಮುಂಚೆ ಹೋಗಿದ್ರೂ ಈ ದವಡೆ ಇಲ್ಲಿರ್ತಿರ್ಲಿಲ್ಲ. ಅವಕ್ಕೆ ಯಾರಪ್ಪ ಸೂಲಗಿತ್ತಿ?"

ಜನ ನಕ್ಕರು. ನಾನು ಅತ್ತೆಯ ಕಡೆ ನೋಡಿದೆ. ಅವರು ದವಡೆಯನ್ನು ನೋಡುತ್ತಿರಲಿಲ್ಲ. ತಮ್ಮ ಅಂಗೈಗಳನ್ನು ನೋಡುತ್ತಿದ್ದರು.

ಆಗ ನನಗೆ ಹೊಳೆಯಿತು. ನನ್ನ ಹೆರಿಗೆಯ ದಿನ ಬೆಳಗ್ಗೆ ಅವರು ಹೊಳೆಯಾಚೆಯ ಊರಿನಲ್ಲಿ ಕೊಳೆತು ಹೋದ ಗರ್ಭವೊಂದನ್ನು ತೆಗೆದು ನೇರ ನನ್ನ ಬಳಿ ಬಂದಿದ್ದರು, ಅದೇ ಕೈ, ಅದೇ ಚೂರಿ. ಸೋಪು ಹಾಕಿ ಕೈ ತೊಳೆಯಬೇಕು, ಚೂರಿ ಕುದಿಸಬೇಕು ಎಂದು ಆಸ್ಪತ್ರೆಯ ನರ್ಸ್ ಬಂದು ಹೇಳಿಕೊಟ್ಟಿದ್ದು ಅದಾದ ಎರಡು ವರ್ಷಕ್ಕೆ. ಅಂದು ಪಾಠ ಕೇಳಿ ಮನೆಗೆ ಬಂದ ಅತ್ತೆ ಅನ್ನ ಮುಟ್ಟದೆ ಮಲಗಿದ್ದರು. ತಲೆನೋವು ಅಂದಿದ್ದರು. ಖನ್ಯು ಇಲಿಯಾಗಿದ್ದರೆ ಮಾತ್ರ ನನ್ನ ಜ್ವರ ಅಪ್ಪನ ತಪ್ಪು. ಇಲಿಯಲ್ಲದಿದ್ದರೆ ಕಾರಣವಾಗಿ ಉಳಿಯುವುದು ಅವರ ತೊಳೆಯದ ಕೈ. ಆ ಪಾಠ ಕೇಳಿದ ಮೇಲಿನ ಏಳು ವರ್ಷವೂ ದವಡೆಯ ಗಂಟು ಬಿಚ್ಚದೆ ಇದ್ದದ್ದು ಅದಕ್ಕೇ ಇರಬೇಕು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದಿದ್ದು ಕರುಳಿನೊಳಗಿನ ಮರುಕ.

ಅತ್ತೆ ಸಾವಕಾಶವಾಗಿ ಪೆಟ್ಟಿಗೆ ಮುಚ್ಚಿದರು. "ಇಲಿ ಅಲ್ಲ ಅಂತಾದ್ರೂ ಪಥ್ಯ ಪಥ್ಯವೇ," ಅಂದರು. "ಪಟ್ಟೀಲಿ ಇಲ್ದೇ ಇರೋದನ್ನ ಬಾಣಂತಿಗೆ ಕೊಡ್ಬಾರ್ದು."

"ಅದು ಸರಿ, ಬೀಗಿತ್ತಿ," ಅಂದ ಅಪ್ಪ. ಒಂಬತ್ತು ವರ್ಷಕ್ಕೆ ಮೊದಲ ಮಾತು. "ಅದು ನನ್ನ ತಪ್ಪೇ."

ಅತ್ತೆ ಅವನನ್ನು ಒಮ್ಮೆ ನೋಡಿ ಎದ್ದು ಹೋದರು. ದವಡೆಯನ್ನು ವಾಪಸು ಕೇಳಲಿಲ್ಲ. ವಿಲಾವನ್ ಅದನ್ನು ಕಲ್ಲಿನ ಪಕ್ಕದಲ್ಲೇ ಹತ್ತಿಯೊಳಗೆ ಮಲಗಿಸಿ ಒಯ್ದಳು. ಹೋಗುವ ಮುಂಚೆ, ಇನ್ನು ಖನ್ಯು ಹಿಡಿಯಬೇಡಿ, ಇಡೀ ವಂಶದಲ್ಲಿ ಉಳಿದಿರುವುದು ಇವಷ್ಟೇ ಎಂದು ಕೈಮುಗಿದು ಕೇಳಿಕೊಂಡಳು. ಅರ್ಧ ಊರು ಹೂಂ ಅಂದಿತು, ಇನ್ನರ್ಧ ಒರಳಿನ ಕಡೆ ನೋಡಿತು. ನನ್ನ ಮನೆಯಲ್ಲಂತೂ ಅಂದಿನಿಂದ ಬಿಟ್ಟೆವು.

ಆ ರಾತ್ರಿ ಅಲ್ಲ, ಮಾರನೇ ದಿನವೂ ಅಲ್ಲ, ಒಂದು ವಾರ ಕಳೆದ ಮೇಲೆ ಅನ್ನ ಬಡಿಸುತ್ತಾ ಅತ್ತೆ ಅಂದರು: "ಲಾಂಫೊನ್, ಈ ಸಲ ಆಸ್ಪತ್ರೆ ನರ್ಸನ್ನ ಕರೆಸು. ನಾನು ನಿನ್ನ ತಲೆ ಹಿಡ್ಕೊಂಡು ಕೂತಿರ್ತೀನಿ." ನನ್ನ ಗಂಡ ಕಾಂಪೂ ತುತ್ತು ಬಾಯಿಗೆ ಇಡುವುದನ್ನು ಮರೆತ. ನಾನು "ಆಗಲಿ ಅತ್ತೆ," ಅಂದೆ. ಅದಕ್ಕಿಂತ ಹೆಚ್ಚು ನಾವಿಬ್ಬರೂ ಆ ವಿಷಯ ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ.

ಗಂಡು ಕೂಸು ಹುಟ್ಟಿತು. ಅತ್ತೆ ಮೂರು ಸಲ ಸೋಪಿನಲ್ಲಿ ಕೈ ತೊಳೆದು ಅದನ್ನು ಎತ್ತಿಕೊಂಡರು. ಬೆಂಕಿಯಿಂದ ಏಳುವ ದಿನ ದಾರ ಕಟ್ಟುವ ಶಾಸ್ತ್ರ. ಊರೆಲ್ಲ ಬಂದಿತ್ತು. ಅಪ್ಪ ಎಂದಿನಂತೆ ಕಡೆಯ ಸಾಲಿನಲ್ಲಿ ಕೂತಿದ್ದ. ಹರಸುವುದು ಮುಗಿದು, ಕೂಸಿನ ಮುಂಗೈ ದಾರಗಳಿಂದ ತುಂಬಿತು. ತಟ್ಟೆಯಲ್ಲಿ ಬೇಯಿಸಿದ ಕೋಳಿ ಬಂತು. ಬುನ್‌ಥನ್ ಅಭ್ಯಾಸಬಲದಿಂದ ಕೈ ಚಾಚಿದ.

ಅತ್ತೆ ಅವನ ಕೈಯ ಮೇಲೆ ಪಟ್ಟನೆ ಹೊಡೆದರು. ತಟ್ಟೆಯನ್ನು ಎತ್ತಿಕೊಂಡು, ಕೂತ ಜನರ ನಡುವೆ ಬಗ್ಗಿಬಗ್ಗಿ ನಡೆದು, ಕಡೆಯ ಸಾಲಿಗೆ ಹೋಗಿ ಅಪ್ಪನ ಮುಂದೆ ಇಟ್ಟರು.

"ಎಣ್ಸಿ ಬೀಗ್ರೇ. ಮುಂದಿನ ಹಲ್ಲು ಬಿಟ್ಟು."

ಅಪ್ಪ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. "ಕೋಳಿಗೆ ಹಲ್ಲಿಲ್ಲ, ಬೀಗಿತ್ತಿ."

"ಗೊತ್ತು," ಅಂದರು ಅತ್ತೆ. "ಅದಕ್ಕೇ ಕೋಳಿ ಕೊಟ್ಟೆ. ಇನ್ನು ಜಗಳ ಸಾಕು, ಕೂಸಿಗೆ ಏನಿದೆ ನೋಡಿ ಹೇಳಿ."

ಅಪ್ಪ ಕವಲುಮೂಳೆ ಬಿಡಿಸಿ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ. ಅವನ ಕಣ್ಣು ತುಂಬಿತ್ತು, ಅವನಿಗೆ ಮೂಳೆ ಕಾಣುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

"ಭಾಳ ಒಳ್ಳೇದು," ಅಂದ. "ಊಟಕ್ಕೆ ಕೂತ್ಕೊಳ್ಳಿ."